ಭೇಟಿಯ ಲೆಕ್ಕ, ತಪಾಸಣೆಯ ಗುಣ

ಆಸ್ಪತ್ರೆ ಹೆರಿಗೆಯ ವಿಷಯದಲ್ಲಿ ಕರ್ನಾಟಕ ಬೀಗುವುದಕ್ಕೆ ಕಾರಣವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಬಸುರಿಯಾಗಿದ್ದಾಗ ಕನಿಷ್ಠ ನಾಲ್ಕು ಸಲ ತಪಾಸಣೆ ಮಾಡಿಸಿಕೊಂಡವರು ಮಾತ್ರ ಶೇ. 71ರ ಆಸುಪಾಸು. ಆ ನಾಲ್ಕು ಭೇಟಿಗಳಲ್ಲಿ ನಡೆದದ್ದೇನು? ಅದನ್ನು ತಿಳಿಯಲು ಜನ್ಮಜಾತ ಸಿಫಿಲಿಸ್ ಒಳ್ಳೆಯ ಒರೆಗಲ್ಲು.

ಲೈಂಗಿಕ ಸಂಪರ್ಕದಿಂದ ತಗಲಿ ತಾಯಿಯ ರಕ್ತದಲ್ಲಿರುವ ಸಿಫಿಲಿಸ್ ರೋಗಾಣು ಮಾಸು ದಾಟಿ ಮಗುವನ್ನು ಸೇರುತ್ತದೆ. ಮಗು ಗರ್ಭದಲ್ಲೇ ಸಾಯಬಹುದು; ಬದುಕಿದರೂ ಎಲುಬು, ಯಕೃತ್ತು, ಕಣ್ಣು, ಕಿವಿಗೆ ಪೆಟ್ಟು ಬೀಳಬಹುದು. ಎಷ್ಟೋ ತಾಯಂದಿರಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಆದ್ದರಿಂದ ರಕ್ತ ಪರೀಕ್ಷೆಯೊಂದೇ ದಾರಿ. ಬೆರಳು ಚುಚ್ಚಿ ಮಾಡುವ ಪರೀಕ್ಷೆಯ ಫಲಿತಾಂಶ ಸುಮಾರು 20 ನಿಮಿಷದಲ್ಲಿ ಸಿಗುತ್ತದೆ. ಸೋಂಕು ಹೊಸದಾದರೆ 24 ಲಕ್ಷ ಯೂನಿಟ್ ಬೆಂಜಥೀನ್ ಪೆನ್ಸಿಲಿನ್ ಒಂದು ಸಲ, ಹಳೆಯದಾದರೆ ವಾರಕ್ಕೊಮ್ಮೆಯಂತೆ ಮೂರು ಸಲ. ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ಚಿಕಿತ್ಸೆ ಶುರುವಾಗಿರಬೇಕು.

ಇಷ್ಟು ಸರಳವಾದದ್ದು ತಪ್ಪುವುದೆಲ್ಲಿ? 2016ರಲ್ಲಿ ಜಗತ್ತಿನಾದ್ಯಂತ 6.61 ಲಕ್ಷ ಜನ್ಮಜಾತ ಸಿಫಿಲಿಸ್ ಪ್ರಕರಣಗಳಿದ್ದವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮಗುವಿಗೆ ಹಾನಿಯಾದ ಪ್ರಕರಣಗಳಲ್ಲಿ ಶೇ. 57ರಷ್ಟು ತಾಯಂದಿರು ತಪಾಸಣೆಗೆ ಬಂದಿದ್ದರು, ಸಿಫಿಲಿಸ್ ಪರೀಕ್ಷೆ ಮಾತ್ರ ಆಗಿರಲಿಲ್ಲ.

ನಮ್ಮ ಹಾವೇರಿ ಜಿಲ್ಲೆಯನ್ನೇ ನೋಡಿ. ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ, ರಾಣೆಬೆನ್ನೂರು ಮತ್ತು ಬ್ಯಾಡಗಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಊರೂರಿಗೆ ಆಶಾ ಕಾರ್ಯಕರ್ತೆಯರಿದ್ದಾರೆ, ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆಯ ದಿನವೂ ಇದೆ. ವ್ಯವಸ್ಥೆಯ ಎಲುಬುಗೂಡು ಗಟ್ಟಿಯಾಗಿದೆ. ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಬಸುರಿಗೆ ಆಸ್ಪತ್ರೆಯ ಒಂದು ದಿನವೆಂದರೆ ಒಂದು ದಿನದ ಕೂಲಿ ಹೋದಂತೆ. ‘ನಾಳೆ ಬಂದು ರಿಪೋರ್ಟ್ ತಗೊಳ್ರಿ’ ಎಂದರೆ ಆ ನಾಳೆ ಬರದೇ ಹೋಗಬಹುದು. ರಾಣೆಬೆನ್ನೂರಿನ ಗಂಡನ ಮನೆಯಲ್ಲಿದ್ದಾಗ ರಕ್ತ ಕೊಟ್ಟವಳು ಚೊಚ್ಚಲ ಹೆರಿಗೆಗೆ ಹಾವೇರಿಯ ತವರಿಗೆ ಹೋದರೆ, ರಿಪೋರ್ಟ್ ಅವಳ ಹಿಂದೆ ಹೋಗಬೇಕು. ಗಂಡನಿಗೆ ಚಿಕಿತ್ಸೆಯಾಗದಿದ್ದರೆ ವಾಸಿಯಾದವಳಿಗೆ ಮತ್ತೆ ಸೋಂಕು ತಗಲಬಹುದು. ಪೆನ್ಸಿಲಿನ್ ರಿಯಾಕ್ಷನ್ನಿನ ಭಯಕ್ಕೆ ಬೇರೆ ಮಾತ್ರೆ ಕೊಟ್ಟು ಕಳಿಸಿದರೂ ಉಪಯೋಗವಿಲ್ಲ. ಹೊಟ್ಟೆಯಲ್ಲಿರುವ ಮಗುವನ್ನು ಗುಣಪಡಿಸುವುದಾಗಿ ಸಾಬೀತಾದ ಔಷಧ ಪೆನ್ಸಿಲಿನ್ ಒಂದೇ.

ಶ್ರೀಲಂಕಾ 2019ರಲ್ಲೇ ತಾಯಿಯಿಂದ ಮಗುವಿಗೆ ಸಿಫಿಲಿಸ್ ಹರಡುವುದನ್ನು ತಡೆದ ದೇಶವೆಂಬ ಮಾನ್ಯತೆ ಪಡೆಯಿತು. ಅಲ್ಲಿ ಬಳಸಿದ್ದೂ ರಕ್ತ ಪರೀಕ್ಷೆ, ಪೆನ್ಸಿಲಿನ್ ಇಂಜೆಕ್ಷನ್ನುಗಳನ್ನೇ. ನಮ್ಮಲ್ಲಿ ಭೇಟಿ ಎಣಿಸುವುದು ಚೆನ್ನಾಗಿ ನಡೆದಿದೆ. ಇನ್ನು ಪರೀಕ್ಷೆ, ಫಲಿತಾಂಶ, ಮೊದಲ ಇಂಜೆಕ್ಷನ್ನು ಮೂರೂ ಒಂದೇ ದಿನ ಆದವೇ ಎಂದು ಎಣಿಸಬೇಕಾಗಿದೆ. ಮನೆಯಲ್ಲಿ ಬಸುರಿ ಇದ್ದರೆ, ಮೊದಲ ಮೂರು ತಿಂಗಳೊಳಗೆ ಸಿಫಿಲಿಸ್ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.