ನಗರದ ಆಯವ್ಯಯದ ಪರಿಭಾಷೆ: ಒಂದು ವಿಮರ್ಶೆ

ಶಾಸ್ತ್ರಗ್ರಂಥಗಳ ಪರಿಭಾಷೆಯನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಮನೆ ತೆರಿಗೆಯ ರಸೀತಿಯಲ್ಲಿಯೂ ನಗರಪಾಲಿಕೆಯ ಆಯವ್ಯಯ ಪತ್ರದಲ್ಲಿಯೂ ಬರುವ ಮಾತುಗಳು ಅಷ್ಟು ಗಮನವನ್ನು ಪಡೆದಂತೆ ಕಾಣುವುದಿಲ್ಲ. ಆದರೆ ಗೃಹಸ್ಥನ ಹಣದ ಗತಿಯನ್ನು ನಿರ್ಧರಿಸುವುದು ಈ ಮಾತುಗಳೇ. ಬೆಂಗಳೂರನ್ನು ನಿದರ್ಶನವಾಗಿಟ್ಟುಕೊಂಡು ಅವುಗಳಲ್ಲಿ ಕೆಲವನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ‘ಕಂದಾಯ’. ಭೂಮಿಯಿಂದ ಸರ್ಕಾರಕ್ಕೆ ಸಲ್ಲುವ ಹಣವೆಂಬ ಅರ್ಥದಿಂದ ರಾಜ್ಯದ ಕಂದಾಯ ಇಲಾಖೆಗೆ ಆ ಹೆಸರು ಬಂದಿತು. ‘ಮನೆ ಕಂದಾಯ’ವೆಂದಾಗ ಅದು ಪಾಲಿಕೆಗೆ ಕೊಡುವ ಆಸ್ತಿ ತೆರಿಗೆ. ‘ಕಂದಾಯ ನಿವೇಶನ’ವಾದರೋ ವ್ಯವಸಾಯದ ಜಮೀನಿನಲ್ಲಿ ಕ್ರಮಬದ್ಧ ಅನುಮೋದನೆಯಿಲ್ಲದೆ ವಿಂಗಡಿಸಿದ ನಿವೇಶನ. ಒಂದೇ ಶಬ್ದಕ್ಕೆ ಮೂರು ಅರ್ಥಗಳಿರುವುದು ದೋಷವಲ್ಲ. ಅವು ಬೆರೆತಾಗ ಅನರ್ಥವಾಗುತ್ತದೆ. ಕಂದಾಯದ ರಸೀತಿಯೂ ಖಾತೆಯೂ ಇವೆ, ಆದುದರಿಂದ ಒಡೆತನ ನಿರ್ವಿವಾದವೆಂದು ಕೊಳ್ಳುವವನು ನಂಬುತ್ತಾನೆ. ಖಾತೆಯೆಂಬುದು ತೆರಿಗೆ ಯಾರಿಂದ ಸಲ್ಲಬೇಕೆಂಬುದನ್ನು ನಮೂದಿಸುವ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ಈ ತಪ್ಪು ಗ್ರಹಿಕೆಯಲ್ಲಿ ಜೀವಮಾನದ ಉಳಿತಾಯವೇ ಮುಳುಗಬಹುದು.

ಎರಡನೆಯದು ‘ವಾರ್ಷಿಕ ಮೌಲ್ಯ’. ಮನೆಗೆ ಬಂದ ಬಾಡಿಗೆಯಲ್ಲ, ಬರಬಹುದಾದ ಬಾಡಿಗೆಯ ಎಣಿಕೆ ಇದು. ಇದನ್ನು ಗೊತ್ತುಮಾಡುವ ಅಧಿಕಾರ ಬಹುಕಾಲ ಅಧಿಕಾರಿಯ ಕೈಯಲ್ಲಿತ್ತು. 2000ದಲ್ಲಿ ಸ್ವಯಂ ಘೋಷಣೆಯ ಪದ್ಧತಿ ಬಂದಿತು. 2008ರಲ್ಲಿ ಘಟಕ ವಿಸ್ತೀರ್ಣದ ಲೆಕ್ಕ ಜಾರಿಯಾಯಿತು. ಚದರಡಿಗೆ ತಿಂಗಳಿಗೆ 2 ರೂಪಾಯಿಯೆಂದಿಟ್ಟುಕೊಂಡರೆ, 1,000 ಚದರಡಿಯ ವಾಸದ ಮನೆಗೆ 10 ತಿಂಗಳ ಲೆಕ್ಕದಲ್ಲಿ 20,000 ರೂಪಾಯಿ. ಸವಕಳಿಯನ್ನು ಗಣಿಸದಿದ್ದರೆ, ಅದರ ಶೇಕಡಾ 20, ಎಂದರೆ 4,000 ರೂಪಾಯಿ ತೆರಿಗೆ. ಇದನ್ನು ಮನೆಯವನೇ ಗುಣಿಸಿ ನೋಡಬಲ್ಲನು. ಮಾತು ತಿಳಿಯಾದೊಡನೆ ಅಧಿಕಾರದ ಒಂದಂಶ ಪ್ರಜೆಯ ಕೈಗೆ ಬಂದಿತೆಂಬುದೇ ಈ ಸುಧಾರಣೆಯ ಹಿರಿಮೆ.

ಆದರೂ ಅದು ಪೂರ್ಣವಾಗಲಿಲ್ಲ. ಆ ತೆರಿಗೆಯ ಮೇಲೆ ಆರೋಗ್ಯಕ್ಕೆ ಶೇಕಡಾ 15, ಗ್ರಂಥಾಲಯಕ್ಕೆ 6, ಭಿಕ್ಷಾಟನೆ ನಿವಾರಣೆಗೆ 3 ಉಪಕರಗಳು ಸೇರಿ 960 ರೂಪಾಯಿಯಾಗುತ್ತಿತ್ತು. ‘ಉಪ’ವೆಂಬ ಪೂರ್ವಪದ ಕೇಳಲು ಅಲ್ಪ, ಮೊತ್ತ ತೆರಿಗೆಯ ಕಾಲುಭಾಗಕ್ಕೆ ಸಮೀಪ. ಗ್ರಂಥಾಲಯದ ಮತ್ತು ಭಿಕ್ಷಾಟನೆಯ ಉಪಕರಗಳನ್ನು ಪಾಲಿಕೆ ವಸೂಲುಮಾಡಿ ಬೇರೆ ಸಂಸ್ಥೆಗಳಿಗೆ ಒಪ್ಪಿಸಬೇಕು. ಅದು ನಗರದ ಸ್ವಂತ ವರಮಾನವಲ್ಲ. 2024ರಲ್ಲಿ ತೆರಿಗೆಯ ಆಧಾರವನ್ನು ಬಾಡಿಗೆಯಿಂದ ಮಾರ್ಗಸೂಚಿ ಬೆಲೆಗೆ ತಿರುಗಿಸುವ ಪ್ರಸ್ತಾಪ ಬಂದಿತು. ಆ ಬೆಲೆಯನ್ನು ಗೊತ್ತುಮಾಡುವ ವ್ಯವಸ್ಥೆ ಪಾಲಿಕೆಯದಲ್ಲ, ರಾಜ್ಯದ ನೋಂದಣಿ ಮತ್ತು ಮುದ್ರಾಂಕ ಇಲಾಖೆಯದು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇನ್ನು ವೆಚ್ಚದ ಕಡೆ. ಆಯವ್ಯಯ ಪತ್ರದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಅಂಕಿಗಳು ಇರುತ್ತವೆ: ಕಳೆದ ವರ್ಷದ ವಾಸ್ತವ ಲೆಕ್ಕ, ನಡೆಯುತ್ತಿರುವ ವರ್ಷದ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು. ಸಭೆಯಲ್ಲಿಯೂ ಪತ್ರಿಕೆಯಲ್ಲಿಯೂ ಮೊಳಗುವುದು ಮೂರನೆಯದು. ಅದು ಆಶ್ವಾಸನೆಯಷ್ಟೆ, ನಡೆದದ್ದನ್ನು ಹೇಳುವುದು ಮೊದಲನೆಯದು. ‘ಬೇಡಿಕೆ, ವಸೂಲಿ, ಬಾಕಿ’ ಎಂಬ ಹಳೆಯ ತಃಖ್ತೆಯನ್ನು ಇವುಗಳ ಪಕ್ಕದಲ್ಲಿಟ್ಟು ಓದಿದರೆ ವರಮಾನದ ಅಂದಾಜು ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬುದು ತಿಳಿಯುತ್ತದೆ. ತೆರಿಗೆಯ ಲೆಕ್ಕವನ್ನು ತಾನೇ ಹಾಕಬಲ್ಲ ಗೃಹಸ್ಥನು, ತನ್ನ ಬೀದಿಗೆ ಆ ಹಣದಿಂದ ಏನು ಬಂದಿತೆಂಬುದನ್ನು ಈ ಪತ್ರದಿಂದ ಅಷ್ಟೇ ಸುಲಭವಾಗಿ ಅರಿಯಲಾರನು. ಆಯದ ಭಾಷೆ ತಿಳಿಯಾಗಿದೆ, ವ್ಯಯದ ಭಾಷೆ ಆಗಿಲ್ಲ ಎಂಬುದೇ ನಮ್ಮ ಮುಖ್ಯ ಆಕ್ಷೇಪ.

ಇದು ಬರಿಯ ಶಬ್ದಚರ್ಚೆಯಲ್ಲ. ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ತರುವಾಯ, 2021ರಿಂದ 2025ರವರೆಗಿನ ಆಯವ್ಯಯಗಳನ್ನು ಸಭೆಯಲ್ಲಿ ಪ್ರಶ್ನಿಸುವ ಪ್ರತಿನಿಧಿಗಳೇ ಇರಲಿಲ್ಲ. ಕೇಳುವವರಿಲ್ಲದಾಗ ಓದುವವರ ಹೊಣೆ ಹೆಚ್ಚುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಪಾಲಿಕೆಯ ಸ್ಥಾನದಲ್ಲಿ ಐದು ಪಾಲಿಕೆಗಳು ರಚಿತವಾದವು. ಒಂದೇ ಬಗೆಯ ವೆಚ್ಚವನ್ನು ಐದು ಕಡೆ ಐದು ಹೆಸರುಗಳಿಂದ ಕರೆದರೆ ಹೋಲಿಕೆಯೇ ಅಸಾಧ್ಯವಾಗುತ್ತದೆ. ಎಲ್ಲಕ್ಕೂ ಸಮಾನವಾದ ಒಂದು ಪದಕೋಶವೂ, ವಾರ್ಡುವಾರು ವೆಚ್ಚದ ಸರಳ ತಃಖ್ತೆಯೂ ಅವಶ್ಯಕ. ಅರ್ಥಶಾಸ್ತ್ರದ ತರಗತಿಗಳಲ್ಲಿ ಕೇಂದ್ರದ ಮುಂಗಡ ಪತ್ರದೊಡನೆ ತಮ್ಮ ಊರಿನ ಆಯವ್ಯಯವನ್ನೂ ಪಾಠವಾಗಿ ಇಟ್ಟುಕೊಂಡರೆ, ಈ ಕೆಲಸವನ್ನು ಕಾಲೇಜುಗಳೇ ಆರಂಭಿಸಿದಂತಾಗುತ್ತದೆ.