ಎಂಬತ್ತನಾಲ್ಕು ಭಾಗಾಕಾರಗಳ ಸಂಖ್ಯೆ

2147483647, ಅಂದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು, ಮೇಲ್ನೋಟಕ್ಕೆ ಯಾವ ಕ್ರಮವೂ ಕಾಣದ ಅಂಕಿಗಳ ಸಾಲು. ಆದರೆ ಎರಡರ 31ನೆಯ ಘಾತದಿಂದ ಒಂದನ್ನು ಕಳೆದಾಗ ದೊರೆಯುವ ಈ ಸಂಖ್ಯೆಯನ್ನು 0 ಮತ್ತು 1 ಮಾತ್ರ ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಅದು ಮೂವತ್ತೊಂದು ಒಂದುಗಳ ಸರಳ ಪಂಕ್ತಿಯಾಗುತ್ತದೆ. ಎರಡರ ಘಾತಕ್ಕಿಂತ ಒಂದು ಕಡಿಮೆಯಿರುವ ಅವಿಭಾಜ್ಯಗಳಿಗೆ ಫ್ರಾನ್ಸಿನ ಪಾದ್ರಿ ಮೆರ್ಸೆನ್‌ನ ಹೆಸರು ನಿಂತಿದೆ. ಅವನು 1644ರಲ್ಲಿ ಕೊಟ್ಟ ಘಾತಗಳ ಪಟ್ಟಿಯಲ್ಲಿ 31 ಇತ್ತು, ಅದು ಸರಿಯೂ ಆಗಿತ್ತು; ಆದರೆ ಅದೇ ಪಟ್ಟಿಯ 67 ಮತ್ತು 257 ಮುಂದೆ ತಪ್ಪೆಂದು ಸಿದ್ಧವಾದದ್ದರಿಂದ ಅದನ್ನು ಊಹೆಯೆನ್ನಬೇಕೇ ಹೊರತು ಸಾಧನೆಯೆನ್ನಲಾಗದು.

ಸಾಧನೆ 1772ರ ಹೊತ್ತಿಗೆ, ದೃಷ್ಟಿ ಬಹುಪಾಲು ನಂದಿಹೋಗಿದ್ದ ಗಣಿತಜ್ಞ ಆಯ್ಲರ್‌ನಿಂದ ಬಂದಿತು. ಒಂದು ಸಂಖ್ಯೆ ಅವಿಭಾಜ್ಯವೆಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು; ಇಲ್ಲಿ ಆ ಎಲ್ಲೆ 46,340, ಅದರೊಳಗಿನ ಅವಿಭಾಜ್ಯಗಳು ಸುಮಾರು 4,800. ಅಷ್ಟನ್ನೂ ಪರೀಕ್ಷಿಸುವ ಬದಲು, ಈ ಸಂಖ್ಯೆಗೆ ಅವಿಭಾಜ್ಯ ಭಾಜಕವೊಂದು ಇರುವುದಾದರೆ ಅದನ್ನು 62ರಿಂದ ಭಾಗಿಸಿದಾಗ 1 ಶೇಷವೂ, 8ರಿಂದ ಭಾಗಿಸಿದಾಗ 1 ಅಥವಾ 7 ಶೇಷವೂ ಉಳಿಯಲೇಬೇಕೆಂಬ ನಿಯಮಗಳನ್ನು ಕೂಡಿಸಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಅವಿಭಾಜ್ಯಗಳಷ್ಟೇ ಕಣದಲ್ಲಿ ನಿಲ್ಲುತ್ತವೆ. ಅವು ಕೇವಲ 84. ಮೊದಲನೆಯದಾದ 311ರಿಂದ ಭಾಗಿಸಿದರೆ 35 ಶೇಷ. ಉಳಿದವುಗಳಲ್ಲಿ ಒಂದೂ ನಿಶ್ಶೇಷವಾಗಿ ಭಾಗಿಸುವುದಿಲ್ಲ. ಸಂಖ್ಯೆಯ ಗಾತ್ರಕ್ಕಿಂತ ಹೆಚ್ಚು ಮೆಚ್ಚಬೇಕಾದದ್ದು ನಾಲ್ಕು ಸಾವಿರದ ಏಳುನೂರಕ್ಕೂ ಮಿಗಿಲಾದ ಭಾಗಾಕಾರಗಳನ್ನು ಮಾಡದೆಯೇ ಮುಗಿಸಿದ ಈ ತರ್ಕವನ್ನು.

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮನಾದ, 6 = 1 + 2 + 3 ಎಂಬಂಥ ಸಂಖ್ಯೆಗೆ ಪರಿಪೂರ್ಣ ಸಂಖ್ಯೆಯೆಂದು ಹೆಸರು. ಯೂಕ್ಲಿಡನ ವಿಧಾನದಂತೆ ಆಯ್ಲರ್‌ನ ಅವಿಭಾಜ್ಯವನ್ನು ಎರಡರ 30ನೆಯ ಘಾತದಿಂದ ಗುಣಿಸಿದರೆ 2305843008139952128 ಎಂಬ ಪರಿಪೂರ್ಣ ಸಂಖ್ಯೆ ಸಿಗುತ್ತದೆ. ಇದಕ್ಕಿಂತ ದೊಡ್ಡದನ್ನು ಯಾರೂ ಎಂದೂ ಕಂಡುಹಿಡಿಯಲಾರರೆಂದು ಇಂಗ್ಲೆಂಡಿನ ಬಾರ್ಲೋ 1811ರಲ್ಲಿ ಬರೆದದ್ದನ್ನು 1876ರಲ್ಲಿ ಗಣಿತಜ್ಞ ಲೂಕಾ ಎರಡರ 127ನೆಯ ಘಾತಕ್ಕಿಂತ ಒಂದು ಕಡಿಮೆಯಿರುವ ಅವಿಭಾಜ್ಯದ ಮೂಲಕ ಸುಳ್ಳಾಗಿಸಿದನು. ಘಾತವಾದ 31 ಸಹ ಮೆರ್ಸೆನ್ ಅವಿಭಾಜ್ಯವೇ ಆಗಿರುವುದರಿಂದ 2147483647 ಇಮ್ಮಡಿ ಮೆರ್ಸೆನ್ ಎಂಬ ಇನ್ನೂ ಅಪರೂಪದ ವರ್ಗಕ್ಕೆ ಸೇರುತ್ತದೆ. ಅಂಥ ಅವಿಭಾಜ್ಯಗಳು ಇದುವರೆಗೆ ಗೊತ್ತಿರುವುದು ನಾಲ್ಕೇ.

ಧನ ಋಣ ಚಿಹ್ನೆಗೆ ಒಂದು ಬಿಟ್ ಮೀಸಲಿಟ್ಟ 32 ಬಿಟ್‌ಗಳ ಕಂಪ್ಯೂಟರ್ ಲೆಕ್ಕದಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಾಂಕವಾಗಿಯೇ ಇಂದು 2147483647 ಹೆಚ್ಚು ಪರಿಚಿತ, ಆದರೆ ಆ ಪಟ್ಟಕ್ಕೆ ಅವಿಭಾಜ್ಯತೆಯ ಅಗತ್ಯವಿಲ್ಲ. ಅದು ನಿಜವಾಗಿ ದುಡಿಯುವುದು ಯಾದೃಚ್ಛಿಕ ಸಂಖ್ಯೆಗಳ ತಯಾರಿಕೆಯಲ್ಲಿ: 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಶಿಫಾರಸು ಮಾಡಿದ ವಿಧಾನದಲ್ಲಿ ಪ್ರತಿ ಸಂಖ್ಯೆಯನ್ನೂ 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಉಳಿದ ಶೇಷವನ್ನು ಮುಂದಿನ ಸಂಖ್ಯೆಯಾಗಿ ತೆಗೆದುಕೊಂಡರೆ, 1ರಿಂದ 2147483646ರವರೆಗಿನ ಪ್ರತಿಯೊಂದೂ ಒಂದೊಂದು ಬಾರಿ ಬಂದುಹೋದ ಮೇಲಷ್ಟೇ ಸರಣಿ ಮರಳಿ ಮೊದಲಾಗುತ್ತದೆ.