ಚಾಸಿಗೆ ಗರಗಸ ಇಡುವ ಮುನ್ನ

ಅಮೆರಿಕದಲ್ಲಿ 1953ರಿಂದ 1956ರವರೆಗೆ ತಯಾರಾದ ಫೋರ್ಡ್ ಎಫ್-100 ಪಿಕಪ್ಪನ್ನು ಇಂದಿನ ಹೆದ್ದಾರಿಗೆ ಒಗ್ಗಿಸುವ ಚರ್ಚೆ ಎದ್ದಾಗಲೆಲ್ಲ ಮೊದಲು ಕೇಳಿಬರುವ ಬೇಡಿಕೆ ಡಿಸ್ಕ್ ಬ್ರೇಕಿನದು. ಬೇಡಿಕೆ ಸರಿಯಾದದ್ದೇ, ಅದರ ಸರದಿ ಮಾತ್ರ ತಪ್ಪು. ಆ ವಾಹನದ ದೊಡ್ಡ ಅಪಾಯವಿರುವುದು ಕ್ಯಾಬಿನ್ನಿನ ನೆಲದಡಿಯ ಮಾಸ್ಟರ್ ಸಿಲಿಂಡರಿನಲ್ಲಿ. ಕಾಲಿನ ಒತ್ತನ್ನು ಬ್ರೇಕ್ ಆಯಿಲಿನ ಒತ್ತಡವಾಗಿಸಿ ನಾಲ್ಕೂ ಚಕ್ರಗಳಿಗೆ ಕಳಿಸುವ ಈ ಸಿಲಿಂಡರಿಗೆ ಒಂದೇ ಕೋಣೆಯಿರುವುದರಿಂದ, ಎಲ್ಲೋ ಒಂದು ರಬ್ಬರ್ ಹೋಸ್ ಒಡೆದರೂ ನಾಲ್ಕೂ ಬ್ರೇಕುಗಳು ಒಮ್ಮೆಲೇ ಕೈಕೊಡುತ್ತವೆ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆಬೇರೆ ಕೋಣೆಯಿರುವ ಸಿಲಿಂಡರ್ ಈ ಅಪಾಯವನ್ನು ಅರ್ಧಕ್ಕೆ ತಡೆಯುತ್ತದೆ. ಅಮೆರಿಕದ ಸರ್ಕಾರ 1968ರ ಜನವರಿಯಿಂದ ಪ್ರಯಾಣಿಕ ಕಾರುಗಳಿಗೆ ಇಂಥ ವಿಭಜಿತ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿದ್ದರ ಉದ್ದೇಶವೂ ಇದೇ. ಡ್ರಮ್ ಉಳಿಯಲಿ, ಹೋಗಲಿ, ಈ ಬದಲಾವಣೆ ಮೊದಲು ಆಗಬೇಕು.

ಅದಾದ ಮೇಲೆ ಡಿಸ್ಕಿನ ಮಾತು ಎತ್ತಬಹುದು, ಆದರೆ ಡಿಸ್ಕ್ ಒಂಟಿಯಾಗಿ ಬರುವುದಿಲ್ಲ. ತಿರುಗುವ ಡ್ರಮ್ ಬ್ರೇಕ್ ಶೂವನ್ನು ತಾನೇ ಸೆಳೆದುಕೊಂಡು ಒತ್ತನ್ನು ಹೆಚ್ಚಿಸಿಕೊಳ್ಳುತ್ತದೆ. ಡಿಸ್ಕಿಗೆ ಈ ನೆರವಿಲ್ಲದ ಕಾರಣ ಅದಕ್ಕೆ ಹೆಚ್ಚಿನ ಒತ್ತಡ ಬೇಕು, ಅದನ್ನು ಎಂಜಿನ್ನಿನ ನಿರ್ವಾತದಿಂದ ದುಡಿಯುವ ಬೂಸ್ಟರ್ ಒದಗಿಸಬೇಕು, ಇಲ್ಲವೇ ಸಿಲಿಂಡರಿನ ವ್ಯಾಸವನ್ನು ಕುಗ್ಗಿಸಬೇಕು. 1 ಇಂಚಿನ ಸಿಲಿಂಡರಿನ ಬದಲು 0.875 ಇಂಚಿನದನ್ನು ಹಾಕಿದರೆ ಅದೇ ಕಾಲೊತ್ತಿಗೆ ಸುಮಾರು ಶೇ. 30ರಷ್ಟು ಹೆಚ್ಚು ಒತ್ತಡ ಸಿಗುತ್ತದೆ, ಆದರೆ ಪೆಡಲ್ ಕೂಡ ಅದೇ ಪ್ರಮಾಣದಲ್ಲಿ ಹೆಚ್ಚು ಇಳಿಯಬೇಕಾಗುತ್ತದೆ. ಸಿಲಿಂಡರ್ ನೆಲದಡಿಯಲ್ಲೇ ಉಳಿದರೆ, ಡಿಸ್ಕನ್ನು ಹಿಡಿಯುವ ಕ್ಯಾಲಿಪರುಗಳಿಂದ ಆಯಿಲ್ ಹಿಂದಕ್ಕೆ ಇಳಿಯದಂತೆ ಚದರ ಇಂಚಿಗೆ 2 ಪೌಂಡ್ ಒತ್ತಡವನ್ನು ಉಳಿಸುವ ವಾಲ್ವ್ ಮುಂದಿನ ಪೈಪಿಗೆ ಬೇಕು. ಹಿಂದಿನ ಡ್ರಮ್ಮುಗಳ ವೀಲ್ ಸಿಲಿಂಡರಿನ ರಬ್ಬರ್ ಕಪ್ಪುಗಳು ಬಿಗಿಯಾಗಿರಲು 10 ಪೌಂಡಿನದು ಬೇಕು. ಇವೆರಡು ಅದಲುಬದಲಾದರೆ ಡಿಸ್ಕಿನ ಪ್ಯಾಡುಗಳು ಸದಾ ಉಜ್ಜಿ ಕಾಯುತ್ತವೆ.

ಬ್ರೇಕಿನ ಲೆಕ್ಕಾಚಾರ ಇನ್ನೂ ಉಳಿದಿದ್ದರೂ ಸ್ಟೀರಿಂಗಿನ ಮಾತನ್ನು ಮುಂದೂಡುವಂತಿಲ್ಲ, ಏಕೆಂದರೆ ಚಾಸಿಯ ಮುಂಭಾಗವನ್ನು ಕತ್ತರಿಸಿ, 1974ರಿಂದ 1978ರವರೆಗಿನ ಮಸ್ಟಾಂಗ್ 2 ಕಾರಿನ ಮಾದರಿಯ ಬಿಡಿ ಸಸ್ಪೆನ್ಷನ್ನನ್ನೂ ರ‍್ಯಾಕ್ ಸ್ಟೀರಿಂಗನ್ನೂ ಬೆಸೆದರೆ ಎರಡೂ ತೊಂದರೆ ಒಟ್ಟಿಗೆ ನೀಗುತ್ತವೆಂದು ಒಂದು ಪಂಥ ದಶಕಗಳಿಂದ ಸಾರುತ್ತಿದೆ. ಅಡ್ಡಲಾಗಿ ಹಾಯ್ದ ಇಡಿ ಆಕ್ಸಲ್ ಇರುವ ಗಾಡಿ ನೇರವಾಗಿ ಓಡುವುದೇ ಇಲ್ಲವೆಂಬುದು ಅದರ ಆಧಾರವಾಕ್ಯ. ಈ ವಾಕ್ಯ ತಪ್ಪು. ಮೇಲಾಗಿ ಸಣ್ಣ ಕಾರಿನ ಆ ಜೋಡಣೆಯನ್ನು ಪಿಕಪ್ಪಿನ ಅಗಲಕ್ಕೆ ಹಿಗ್ಗಿಸುವಾಗ ರ‍್ಯಾಕಿನ ತುದಿಗಳು ಸಸ್ಪೆನ್ಷನ್ ತೋಳುಗಳ ಕೀಲುಗಳಿಗೆ ಹೊಂದದಿದ್ದರೆ, ಚಕ್ರ ಉಬ್ಬುತಗ್ಗಿನಲ್ಲಿ ಏರಿಳಿದಾಗಲೆಲ್ಲ ತಾನಾಗಿ ಹೊರಳುವ ಹೊಸ ದೋಷವೊಂದು ಸೇರಿಕೊಳ್ಳುತ್ತದೆ.

ಹಳೆಯ ಆಕ್ಸಲಿನ ಹಿಂದಿರುವ ವಿವೇಕ ಮೋಟಾರು ವಾಹನಕ್ಕಿಂತಲೂ ಹಳೆಯದು. ಮ್ಯೂನಿಕ್ಕಿನ ಸಾರೋಟು ತಯಾರಕ ಗೇಯಾರ್ಗ್ ಲಾಂಕೆನ್ಸ್‌ಪೆರ್ಗರ್ ರೂಪಿಸಿದ, ಆತನ ಪರವಾಗಿ ರುಡಾಲ್ಫ್ ಆಕರ್‌ಮನ್ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಜೋಡಣೆಯಲ್ಲಿ, ಇಡೀ ಆಕ್ಸಲ್ ತಿರುಗುವ ಬದಲು ಮುಂದಿನ ಒಂದೊಂದು ಚಕ್ರವೂ ತನ್ನದೇ ಕೀಲಿನ ಮೇಲೆ ತಿರುಗುತ್ತದೆ, ಮತ್ತು ತಿರುವಿನಲ್ಲಿ ಒಳಚಕ್ರ ಸಾಗಬೇಕಾದ ವೃತ್ತ ಚಿಕ್ಕದಾದ್ದರಿಂದ ಅದು ಹೊರಚಕ್ರಕ್ಕಿಂತ ಹೆಚ್ಚು ಹೊರಳುತ್ತದೆ. ಎರಡೂ ಚಕ್ರಗಳನ್ನು ಜೋಡಿಸುವ ಟೈ ರಾಡ್ ಆಕ್ಸಲಿನ ಹಿಂದಿರುವ ವಾಹನಗಳಲ್ಲಿ ಸ್ಟೀರಿಂಗ್ ತೋಳುಗಳು ಒಳಕ್ಕೆ ವಾಲಿರುವುದು ಈ ಕಾರಣಕ್ಕೇ. ಗಾಡಿಯನ್ನು ತಗ್ಗಿಸುವ ಹುಮ್ಮಸ್ಸಿನಲ್ಲಿ ಅವುಗಳನ್ನು ಕಾಯಿಸಿ ಮನಬಂದಂತೆ ಬಗ್ಗಿಸುವವರು ಅಂದಿನ ಆ ಲೆಕ್ಕವನ್ನೇ ಅಳಿಸುತ್ತಾರೆ.

ಹಾಗಾದರೆ ಗಾಡಿ ಅಡ್ಡಾಡುವುದೇಕೆ? ಬಹುತೇಕ ಸವೆತದಿಂದ. ಚಕ್ರ ತಿರುಗುವ ಕೀಲಾದ ಕಿಂಗ್ ಪಿನ್ ಮತ್ತು ಅದರ ಬುಷ್, ಟೈ ರಾಡಿನ ತುದಿಗಳು, ಸ್ಟೀರಿಂಗ್ ಬಾಕ್ಸಿನ ವರ್ಮ್ ಮತ್ತು ರೋಲರ್, ಲೀಫ್ ಸ್ಪ್ರಿಂಗಿನ ಶ್ಯಾಕಲ್ ಬುಷ್ ಇವೆಲ್ಲದರಲ್ಲೂ ಅಷ್ಟಷ್ಟು ಪ್ಲೇ ಕೂಡಿಕೊಂಡು ಸ್ಟೀರಿಂಗ್ ಸಡಿಲವಾಗುತ್ತದೆ. ಎರಡನೆಯ ಕಾರಣ ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಕಿಂಗ್ ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನ. ತಿರುಗಿದ ಚಕ್ರವನ್ನು ಮತ್ತೆ ನೇರಕ್ಕೆ ತರುವ ಶಕ್ತಿ ಬಹುಪಾಲು ಇದರದು. ಸ್ಪ್ರಿಂಗ್ ಆಕ್ಸಲಿನ ಮೇಲೆ ಕೂತಿರುವ ಗಾಡಿಯಲ್ಲಿ ಇವೆರಡರ ನಡುವೆ, ದಪ್ಪ ತುದಿ ಹಿಂದಕ್ಕೆ ಬರುವಂತೆ ಉಕ್ಕಿನ ಬೆಣೆಯನ್ನು ಸೇರಿಸಿದರೆ ಈ ಕೋನ ಹೆಚ್ಚುತ್ತದೆ.

ಆದ್ದರಿಂದ ಕೆಲಸದ ಕ್ರಮ ಸ್ಪಷ್ಟ: ಎರಡು ಕೋಣೆಯ ಸಿಲಿಂಡರ್, ಹೊಸ ಹೋಸುಗಳು, ಕಿಂಗ್ ಪಿನ್, ಕ್ಯಾಸ್ಟರ್, ಆಮೇಲೆ ಡಿಸ್ಕ್, ಬೇಕೆನಿಸಿದರೆ ಪವರ್ ಸ್ಟೀರಿಂಗ್. ಇವುಗಳಲ್ಲಿ ಯಾವುದು ತಪ್ಪಾಗಿ ಕೂತರೂ ಬಿಚ್ಚಿ ಸರಿಪಡಿಸಬಹುದು. ಇಷ್ಟೂ ಮುಗಿದು, ಅಳತೆಗಳೆಲ್ಲ ಸರಿಯಿದ್ದೂ ಗಾಡಿ ಅಡ್ಡಾಡಿದರೆ ಗರಗಸದ ಪಂಥದ ಮಾತನ್ನು ಕೇಳಬಹುದು. ಸವೆದ ಬುಷ್ಷಿನ ದೋಷಕ್ಕೆ ಚಾಸಿಯನ್ನು ಕತ್ತರಿಸುವುದು ಮಾತ್ರ ಎಂದಿಗೂ ಸುಧಾರಣೆ ಎನಿಸಲಾರದು.